ಅಡಿವೆಪ್ಪನ ಅವ್ವ ಪಟ್ಟಿಯಲ್ಲಿ ಕಾಣದೆ ಹೋದದ್ದು

ಒಂದೂರು ಅಂತ ಇಟ್ಟುಕೊಳ್ಳಿ. ಹೆಸರು ಹೇಳೋದಿಲ್ಲ, ಹೇಳಿದರೆ ಆ ಊರಿನವರು ಜಗಳಕ್ಕೆ ನನ್ನ ಬಾಗಿಲಿಗೆ ಬರ್ತಾರೆ. ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಮುದುಕಿ. ಹಳೆ ಸೀರೆ ಪದರ ಪದರ ಇಟ್ಟು ಕೌದಿ ಹೊಲಿಯೋದು ಅವಳ ಕಸುಬು. ಗಂಡ ಹೋಗಿ ಬಹಳ ವರ್ಷ. ಇದ್ದವನು ಒಬ್ಬ ಮಗ, ಅಡಿವೆಪ್ಪ. ವಯಸ್ಸು ಮೂವತ್ತನಾಲ್ಕು, ಆಳು ಎತ್ತರ, ಬುದ್ಧಿ ಗಿಡ್ಡ. ಸುಳ್ಳು ಗೊತ್ತಿಲ್ಲ, ಕಳವು ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡೋದು ಬಿಟ್ಟರೆ ಇನ್ನೇನೂ ಗೊತ್ತಿಲ್ಲ.

ಒಂದು ಸಲ ಅವ್ವ ಗಿರಣಿಗೆ ಕಳಿಸಿದಳು. "ಅಡಿವ್ಯಾ, ಜ್ವಾಳ ಬೀಸಿಕೊಂಡು ಬಾ. ದಾರ್ಯಾಗ ಯಾರ ಕರದ್ರೂ ನಿಲ್ಲಬ್ಯಾಡ."

ಬೀಸಿಕೊಂಡು ಬಂದ. ಅವ್ವ ಓಣಿಯ ತುದಿಗೆ ನಿಂತು "ಬಂದೇನೋ ಮಗನ, ನಿಂದ್ರು" ಅಂದಳು. ನಿಲ್ಲಲಿಲ್ಲ. ಮನೆ ದಾಟಿದ, ಓಣಿ ದಾಟಿದ, ಊರು ದಾಟಿದ. ಹಿಟ್ಟಿನ ಡಬ್ಬಿ ಹೊತ್ತುಕೊಂಡು ಪಕ್ಕದೂರು ಮುಟ್ಟಿದ. ಅಲ್ಲಿಯವರು ಗುರುತು ಹಿಡಿದು ಕರಕೊಂಡು ಬಂದು ಬಿಟ್ಟರು.

"ನಾ ಸತ್ತ ಮ್ಯಾಲೆ ಇವನ ಗತಿ ಏನಪಾ ದೇವರ" ಅಂತ ಫಕೀರವ್ವ ಹಣೆ ಬಡಿದುಕೊಂಡಳು. ನೀವು ನಗ್ತಾ ಇದ್ದೀರಿ. ನಗ್ರಿ, ಬೇಡ ಅನ್ನೋದಿಲ್ಲ. ಮುಂದೆ ನಗೋಕೆ ಆಗುತ್ತೋ ಇಲ್ಲವೋ, ಈಗಲೇ ನಕ್ಕುಬಿಡಿ.

ಫಕೀರವ್ವನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಮಂಜು ಮಂಜಾಗಿ ಒಂದಿಷ್ಟು ಕಾಣುತ್ತಿತ್ತು. ಕಣ್ಣು ಕಾಣದವರನ್ನ ಕೈ ಹಿಡಿದು ನಡಸಬೇಕು ಅಂತ ಮಗನಿಗೆ ಹೇಳಿಕೊಟ್ಟಳು, ಅವನು ಹಾಗೇ ನಡೆಸುತ್ತಿದ್ದ. ಊರಿಗೆ ಬಂದ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ ಹೇಳಿದಳು: "ಅಜ್ಜಿ, ಈ ಕಣ್ಣಿನ ಪೊರೆ ಹಣ್ಣಾಗಿದೆ. ಎರಡು ತಿಂಗಳೊಳಗೆ ತೆಗೆಸಬೇಕು. ಒಳಗೇ ಒಡೆದರೆ ಕಣ್ಣು ಹೋದ ಹಾಗೆಯೇ. ಆಮೇಲೆ ಯಾರು ಬಂದರೂ ಆಗೋದಿಲ್ಲ."

ಪಟ್ಟಣದ ಧರ್ಮಾಸ್ಪತ್ರೆಯವರು ಬಸ್ಸು ಕಳಿಸಿ, ಮುದುಕರನ್ನು ಕರಕೊಂಡು ಹೋಗಿ, ಆಪರೇಷನ್ ಮಾಡಿ ತಂದು ಬಿಡುತ್ತಿದ್ದರು. ಆದರೆ ಹೆಸರು ಪಟ್ಟಿಯಲ್ಲಿ ಇರಬೇಕು. ಪಟ್ಟಿ ಇದ್ದದ್ದು ಪಂಚಾಯ್ತಿಯ ಕಂಪ್ಯೂಟರ್ ಕೋಣೆಯಲ್ಲಿ, ದಿಲ್ಶಾದಕ್ಕನ ಕೈಯಲ್ಲಿ. ದಿಲ್ಶಾದಕ್ಕ ಒಬ್ಬಳೇ, ಕೆಲಸ ಹತ್ತು ಮಂದಿಯದು. ಅವ್ವನ ಹೆಸರು ಬರೆಸಲಿಕ್ಕೆ ಬಂದ ಅಡಿವೆಪ್ಪನ ಅಕ್ಷರ ನೋಡಿದಳು. ಅಕ್ಷರ ಮಾತ್ರ ಮುತ್ತು. ಹತ್ತನೇ ಇಯತ್ತೆಯವರೆಗೆ ಬಾಯಿಪಾಠ ಮಾಡಿ ಪಾಸಾದವನು, ಟೈಪೂ ಬರುತ್ತಿತ್ತು.

"ಅಡಿವೆಪ್ಪ, ಹಂಗಾರ ನೀನ ಕುಂದ್ರು. ಅರವತ್ತು ಚೀಟಿ ಅದಾವು. ಚೀಟಿಯೊಳಗ ಏನೈತಿ ಅಷ್ಟೂ ಹೊಡಿ, ಒಂದಕ್ಷರ ಬಿಡಬ್ಯಾಡ."

ಒಂದಕ್ಷರ ಬಿಡಲಿಲ್ಲ ಪುಣ್ಯಾತ್ಮ. ಒಂದು ಚೀಟಿಯ ಬೆನ್ನಿಗೆ ಯಾರದೋ ಕಿರಾಣಿ ಸಾಮಾನಿನ ಯಾದಿ ಇತ್ತು. ಅದನ್ನೂ ಹೊಡೆದ. ಸಂಜೆ ದಿಲ್ಶಾದಕ್ಕ ನೋಡಿದರೆ ಹನ್ನೊಂದನೆಯ ಸಾಲು ಹೀಗಿತ್ತು. ಹೆಸರು: ಬೆಲ್ಲ. ವಯಸ್ಸು: ಒಂದು ಕೆಜಿ. ಯಾವ ಕಣ್ಣು: ಅವಲಕ್ಕಿ.

"ಏನಪಾ ಇದು? ಬೆಲ್ಲಕ್ಕ ಆಪರೇಷನ್ ಮಾಡಸ್ತೀಯೇನ?"

"ಅಷ್ಟೂ ಹೊಡಿ ಅಂದ್ರೆಲ್ಲರಿ ಅಕ್ಕಾರ."

"ಬ್ಯಾಡಾದದ್ದು ಪಟ್ಟಿಯೊಳಗ ಕಾಣಬಾರದು, ತಿಳೀತಿಲ್ಲೊ? ಅಳಸಾಕ ಮಾತ್ರ ಹೋಗಬ್ಯಾಡ. ನೀ ಒಂದು ಅಳಸಾಕ ಹೋಗಿ ಹತ್ತು ಅಳಸ್ತಿ. ಎಡಗಡೆ ನಂಬರಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ 'ಹೈಡ್' ಅನ್ನು. ಬ್ಯಾಡ ಅಂದದ್ದನ್ನ ಮರೆ ಮಾಡು, ಅಷ್ಟ."

ಹೈಡ್ ಅಂದ. ಬೆಲ್ಲ ಮರೆಯಾಯಿತು. ಅಡಿವೆಪ್ಪ ಹಿಗ್ಗಿ ಹೀರೇಕಾಯಿಯಾದ. ಬ್ಯಾಡ ಅಂದದ್ದನ್ನ ಮರೆ ಮಾಡು, ಬ್ಯಾಡ ಅಂದದ್ದನ್ನ ಮರೆ ಮಾಡು ಅಂತ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಮನೆಗೆ ಬಂದ.

ಮನೆಯಲ್ಲಿ ಅವ್ವ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದಳು. ಮಧ್ಯಾಹ್ನದಿಂದ ಅದನ್ನೇ ಮಾಡುತ್ತಿದ್ದಳು. ಕಣ್ಣ ಹತ್ತಿರ ಹಿಡಿದಳು, ದೂರ ಹಿಡಿದಳು, ದಾರ ನಾಲಗೆಯಲ್ಲಿ ಒದ್ದೆ ಮಾಡಿದಳು. ಸೂಜಿಯ ಕಣ್ಣು ಸಿಗಲಿಲ್ಲ. ಕಡೆಗೆ ಬೇಸತ್ತು ನೆಲದ ಮೇಲಿಟ್ಟಳು. "ಈ ಸೂಜಿ ಬ್ಯಾಡ, ಈ ಕೌದಿನೂ ಬ್ಯಾಡ, ಸಾಕಾತು ನನಗ."

ಅಡಿವೆಪ್ಪ ಸೂಜಿ ತೆಗೆದುಕೊಂಡು ಹೋಗಿ ಜೋಳದ ಚೀಲದೊಳಗೆ ತೂರಿಸಿದ. ಅರ್ಧ ಹೊಲಿದ ಕೌದಿಯನ್ನು ಅಟ್ಟದ ಮೇಲೆ ಮೂಲೆಗೆ ತಳ್ಳಿದ. ಮರುದಿನವೆಲ್ಲ ಫಕೀರವ್ವ ಮೊಣಕಾಲೂರಿ ನೆಲ ಸವರಿದ್ದೇ ಸವರಿದ್ದು. ಮಗ ಬಂದು ನಡೆದದ್ದು ಹೇಳಿದಾಗ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಖೋಡಿ, ಮಂದಿ ಬ್ಯಾಸರಕ್ಕ ಒಮ್ಮೆ ಬ್ಯಾಡ ಅಂದ್ರ ಅದು ಬ್ಯಾಡ ಅಂತಲ್ಲ. ಮೂರು ಸಲ ಕೇಳಬೇಕು. ಮೂರು ಸಲಾನೂ ಬ್ಯಾಡ ಅಂದ್ರ ಅವಾಗ ಖರೇನ ಬ್ಯಾಡ ಅಂತ ತಿಳಕೊ."

"ಹೂನ ಯವ್ವಾ. ಮೂರು ಸಲ ಕೇಳ್ತೀನಿ."

ಬಸ್ಸು ಬರೋದು ಗುರುವಾರ ಅಂತ ಗೊತ್ತಾಯಿತು. ದಿಲ್ಶಾದಕ್ಕ ಹೇಳಿದಳು: "ಅಡಿವೆಪ್ಪ, ಮನಿ ಮನಿಗೆ ಹೋಗಿ ಕೇಳಿ ಬಾ. ಕೆಲವರು ಹೆದರಿ ಒಲ್ಲೆ ಅಂತಿರತಾರ. ಬ್ಯಾಡ ಅಂದವರ ಸಾಲು ಮರೆ ಮಾಡು. ಉಳಿದವರದು ಪ್ರಿಂಟ್ ತಗೊಂಡು ಕನ್ನಡ ಸಾಲಿ ಅಂಗಳಕ್ಕ ತಾ. ನಾ ಅಲ್ಲೇ ಪೆಂಡಾಲ ನೋಡ್ಕೊಂತ ಇರ್ತೀನಿ."

ಈಗ ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇದೆ. ಊಟಕ್ಕೆ ಕೂತಾಗ ರೊಟ್ಟಿ ಬೇಕಾ ಅಂದರೆ ಬೇಕು ಅನ್ನುವವನು ಹೊಟ್ಟೆಬಾಕ. ತಾಟಿನ ಮೇಲೆ ಕೈ ಅಡ್ಡ ಹಿಡೀಬೇಕು, ಬ್ಯಾಡ ಬ್ಯಾಡ ಅನ್ನಬೇಕು, ಬಡಿಸುವವರು ಕೈಯ ಸಂದಿಯಲ್ಲಿ ತೂರಿ ಹಾಕಬೇಕು. ಹಸಿದವನೇ ಜಾಸ್ತಿ ಬ್ಯಾಡ ಅನ್ನುತ್ತಾನೆ. ಅದು ನಮಗೆಲ್ಲ ತಿಳಿದ ಮಾತು. ತಿಳಿಯದವನು ಊರಿಗೆ ಒಬ್ಬನೇ ಇದ್ದ, ಅವನನ್ನೇ ಕೇಳಲಿಕ್ಕೆ ಕಳಿಸಿದರು.

ಮೊದಲ ಮನೆಗೆ ಹೋದ. "ಅಜ್ಜಾ, ಆಪರೇಷನ್ ಬೇಕೋ ಬ್ಯಾಡೋ?"

"ನನಗ್ಯಾಕ ಬಿಡಪಾ ಇನ್ನ, ಹೋಗೂ ಹೊತ್ತಾತು. ಬ್ಯಾಡ."

"ಬೇಕೋ ಬ್ಯಾಡೋ?"

"ಸಣ್ಣವರದು ಮಾಡ್ರಿ ಮೊದಲ. ನನಗ ಬ್ಯಾಡ."

"ಬೇಕೋ ಬ್ಯಾಡೋ?"

"ಬ್ಯಾಡ ಅಂದ್ನೆಲ್ಲೊ ತಮ್ಮಾ" ಅಂದ ಅಜ್ಜ. ಅನ್ನುತ್ತಲೇ ಮೊಮ್ಮಗಳ ಕಡೆ ತಿರುಗಿ ಗುರುವಾರಕ್ಕೆ ಒಗೆದ ಧೋತರ ತೆಗೆದಿಡು ಅಂತಲೂ ಅಂದ. ಆ ಮಾತು ಅಡಿವೆಪ್ಪನಿಗೆ ಲೆಕ್ಕಕ್ಕಿಲ್ಲ. ಅವನಿಗೆ ಹೇಳಿದ್ದು ಮೂರು ಸಲ ಕೇಳು ಅಂತ, ಧೋತರ ನೋಡು ಅಂತ ಅಲ್ಲ.

ಎರಡನೆಯ ಮನೆಯಲ್ಲೂ ಹಾಗೇ, ಹತ್ತನೆಯ ಮನೆಯಲ್ಲೂ ಹಾಗೇ. ಕಡೆಗೆ ತನ್ನ ಮನೆಗೂ ಬಂದ. ನೆರೆಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ನಾಲ್ಕು ಜನರೆದುರಿಗೆ ಕೇಳಿದ. "ಯವ್ವಾ, ನಿನಗ ಆಪರೇಷನ್ ಬೇಕೋ ಬ್ಯಾಡೋ?"

ಮಗ ಪಟ್ಟಿ ಬರೆಯುವವನು ಅಂತ ತನ್ನದೇ ಮೊದಲು ಬರೆಸಿಕೊಂಡಳು ಅಂದಾರು ಅಂತ ಫಕೀರವ್ವನಿಗೆ ನಾಚಿಕೆ. "ನಂದೇನ ಅವಸರ, ಮೊದಲ ಇವರದೆಲ್ಲಾ ಆಗಲಿ. ನನಗ ಬ್ಯಾಡ" ಅಂದಳು. ಮೂರು ಸಲ ಕೇಳಿದ, ಮೂರು ಸಲವೂ ಅಂದಳು. ಒಳಗೆ ಹೋಗಿ ಗಂಟು ಕಟ್ಟಿಕೊಂಡಳು. ಒಂದು ಸೀರೆ, ಒಂದು ಕೌದಿ. ಮಗನಿಗೆ ಮೂರು ದಿನಕ್ಕಾಗುವ ರೊಟ್ಟಿ ಬೇರೆ ಮಾಡಿಟ್ಟಳು.

ಅಡಿವೆಪ್ಪ ಹೋಗಿ ಕಂಪ್ಯೂಟರ್ ಮುಂದೆ ಕೂತ. ಬ್ಯಾಡ ಅಂದವರು ಮೂವತ್ತೆಂಟು ಮಂದಿ. ಒಂದೊಂದೇ ಸಾಲು ಹುಡುಕಿ ಹೈಡ್, ಹೈಡ್, ಹೈಡ್. ಒಂಬತ್ತನೆಯ ಸಾಲು ಅವನ ಅವ್ವ. ಅದನ್ನೂ ಹೈಡ್.

ಗುರುವಾರ ಬೆಳಿಗ್ಗೆ ಸಾಲೆಯ ಅಂಗಳದಲ್ಲಿ ಅರವತ್ತು ಜನ ಗಂಟು ಹಿಡಿದು ಕೂತರು. ಬಸ್ಸು ಬಂತು. ಆಸ್ಪತ್ರೆಯವನು ಅಡಿವೆಪ್ಪ ತಂದ ಹಾಳೆ ಹಿಡಿದು ಹೆಸರು ಕೂಗಿದ. ಇಪ್ಪತ್ತೆರಡು ಹೆಸರು ಕೂಗಿ ಹಾಳೆ ಮಡಿಚಿದ.

"ನಮ್ಮದು?" ಅಂದರು ಉಳಿದವರು.

"ಹಾಳೆಯಲ್ಲಿ ಇಲ್ಲವಲ್ಲ. ಹೋದ ಊರಲ್ಲಿ ಜನ ಜಾಸ್ತಿ ಇದ್ದರು, ನಿಮ್ಮೂರಿಗೆ ಉಳಿದ ಹಾಸಿಗೆಯೂ ಸರಿಯಾಗಿ ಇಪ್ಪತ್ತೆರಡೇ, ಇನ್ನೊಬ್ಬರಿಗೂ ಜಾಗ ಇಲ್ಲ. ಬರುವ ತಿಂಗಳು ಇದೇ ಬಸ್ಸು ಬರುತ್ತೆ, ಬಿಟ್ಟುಹೋದವರನ್ನು ಮೊದಲು ತಗೋತೀವಿ." ಬಸ್ಸು ಹೊರಟಿತು. ಫಕೀರವ್ವ ಗಂಟು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಧೋತರದ ಅಜ್ಜ ಕೋಲು ಎತ್ತಿಕೊಂಡು ಅಡಿವೆಪ್ಪನ ಮೇಲೆ ಬಂದ. ಜನ ಹಿಡಿದರು.

ದಿಲ್ಶಾದಕ್ಕ ಅವನ ರಟ್ಟೆ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು. ಶೀಟು ತೆರೆದಳು. ಮೇಲಿಂದ ಕೆಳಗೆ ನೋಡಿದಳು. ಹೆಸರುಗಳು ಸರಿಯಾಗೇ ಇದ್ದ ಹಾಗೆ ಕಾಣುತ್ತಿದ್ದವು. ಆಮೇಲೆ ಎಡಗಡೆ ಅಂಚಿನಲ್ಲಿ ಯಂತ್ರ ತಾನೇ ಹಾಕುವ ನಂಬರು ನೋಡಿದಳು. ಏಳು, ಎಂಟು, ಹದಿನಾಲ್ಕು.

"ಎಂಟರ ಮುಂದ ಹದಿನಾಕು ಹೆಂಗ ಬಂತೋ? ನಡುವಿನವರು ಎಲ್ಲಿ ಹೋದರು?"

"ಬ್ಯಾಡ ಅಂದ್ರರಿ ಅಕ್ಕಾರ. ಮೂರು ಮೂರು ಸಲ ಕೇಳೀನಿ."

"ನಿಮ್ಮವ್ವನೂ?"

"ಅವ್ವನೂ ಬ್ಯಾಡ ಅಂದ್ಲು."

ದಿಲ್ಶಾದಕ್ಕ ತಲೆ ಮೇಲೆ ಕೈಹೊತ್ತು ಕೂತಳು. ಹಾಳೆ ಒಮ್ಮೆ ನೋಡದೆ ಕೊಡಿಸಿದೆನಲ್ಲ ಅಂತ ತನ್ನನ್ನೂ ಬೈದುಕೊಂಡಳು. ಆಮೇಲೆ ಹತ್ತಿರ ಕೂರಿಸಿಕೊಂಡು ತಾಳ್ಮೆಯಿಂದ ಕಲಿಸಿದಳು.

"ನೋಡಿಲ್ಲೆ. ಕಣ್ಣಿಗೆ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ, ಮರೆಯಾಗೇತಿ ಅಂತ. ಮ್ಯಾಲಿನದನ್ನ ಹಿಡಿ, ಕೆಳಗಿನದನ್ನ ಹಿಡಿ, ಎರಡೂ ಹಿಡಕೊಂಡು 'ಅನ್‌ಹೈಡ್' ಅನ್ನು. ನಡುವಿನದು ಕಾಣತೈತಿ."

ಎಂಟನ್ನು ಹಿಡಿದ, ಹದಿನಾಲ್ಕನ್ನು ಹಿಡಿದ, ಅನ್‌ಹೈಡ್ ಅಂದ. ನಡುವೆ ಒಂಬತ್ತು ಮೂಡಿತು. ಫಕೀರವ್ವ, ವಯಸ್ಸು ಅರವತ್ತೆಂಟು, ಎಡಗಣ್ಣು.

"ಅಕ್ಕಾರ, ಅವ್ವ ಬಂದ್ಲು" ಅಂದ ಅಡಿವೆಪ್ಪ. ಅವನ ಮುಖ ನೋಡಿ ದಿಲ್ಶಾದಕ್ಕನ ಸಿಟ್ಟು ಇಳಿದುಹೋಯಿತು.

ಹನ್ನೊಂದರಲ್ಲಿ ಬೆಲ್ಲವೂ ಬಂತು. ಅದನ್ನು ಅವಳೇ ಡಿಲೀಟ್ ಮಾಡಿ ತೋರಿಸಿದಳು. ಬೆಲ್ಲ ಹೋದದ್ದೇ ತಡ, ಹನ್ನೆರಡು ಮೇಲೆ ಬಂದು ಹನ್ನೊಂದಾಯಿತು. ಹೋದದ್ದರ ಗುರುತೇ ಉಳಿಯಲಿಲ್ಲ. "ಇನ್ನ ಮ್ಯಾಲೆ ಈ ಮುಚ್ಚಾಟ ಬ್ಯಾಡ. ಆಪರೇಷನ್ ಆಗಿ ಬಂದವರನ್ನ ಹೋಗಿ ಕೇಳು. ಕಣ್ಣು ಕಾಣತೈತಿ ಅಂದವರನ್ನ ಹಿಂಗ ಅಳಿಸು. ಕಾಣಂಗಿಲ್ಲ ಅನ್ನಾವರನ್ನ ಮುಟ್ಟಬ್ಯಾಡ."

ಈ ಸಲ ಅಡಿವೆಪ್ಪ ತಪ್ಪಲಿಲ್ಲ. ಆಪರೇಷನ್ ಆದ ಇಪ್ಪತ್ತೆರಡು ಮಂದಿ ತಿರುಗಿ ಬಂದರು, ಕೇಳಿದ. ಕಾಣತೈತೇನ? ಕಾಣತೈತಪಾ. ಅಳಿಸಿದ. ಇಪ್ಪತ್ತೆರಡು ಸಾಲು, ಒಂದೂ ಹೆಚ್ಚುಕಮ್ಮಿ ಇಲ್ಲ. "ಶಹಬ್ಬಾಸ್" ಅಂದಳು ದಿಲ್ಶಾದಕ್ಕ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಹಾಗಂದಿರಲಿಲ್ಲ. ಮನೆಗೆ ಓಡಿ ಅವ್ವನಿಗೆ ಹೇಳಿದ, ಅವ್ವ ಅವನ ಬೆನ್ನು ಸವರಿದಳು.

ಪಟ್ಟಿಯಲ್ಲಿ ಈಗ ಉಳಿದವರು ಮೂವತ್ತೆಂಟು. ಬಸ್ಸು ಬರಲಿಕ್ಕೆ ಇನ್ನು ಒಂದು ವಾರ ಇತ್ತು.

ಆ ವಾರದಲ್ಲೇ ಫಕೀರವ್ವನ ಕಣ್ಣು ಮತ್ತೂ ಇಳಿಯಿತು. ಬೆಳಕು ಯಾವ ಕಡೆ ಇದೆ ಅನ್ನುವಷ್ಟು ತಿಳಿಯುತ್ತಿತ್ತು, ಅಷ್ಟೇ. ಒಂದು ಮುಂಜಾನೆ ಮಗ ಎದುರಿಗೆ ಕೂತು ರೊಟ್ಟಿ ತಿನ್ನುತ್ತಿದ್ದ. ಅವಳು ಅವನ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಳು. ಆಮೇಲೆ ಅಂದಳು, "ಅಡಿವ್ಯಾ, ನೀ ನನಗ ಕಾಣವಲ್ಲಿ ಮಗನ."

ಅಡಿವೆಪ್ಪ ರೊಟ್ಟಿ ಕೆಳಗಿಟ್ಟ. ತನ್ನ ಕೈ ನೋಡಿಕೊಂಡ, ಕಾಲು ನೋಡಿಕೊಂಡ. ತಾನು ಅವ್ವನಿಗೆ ಕಾಣುತ್ತಿಲ್ಲ. ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ, ಮರೆಯಾಗೇತಿ ಅಂತ. ಏನು ಮಾಡಬೇಕು ಅನ್ನೋದು ಈಗ ಅವನಿಗೆ ಗೊತ್ತಿತ್ತು.

"ತಡಿ ಯವ್ವಾ, ಈಗ ಬಂದೆ" ಅಂತ ಓಡಿದ. ಮೇಲಿನ ಮನೆಗೆ ಹೋಗಿ ಗುರುಪಾದಯ್ಯನವರನ್ನು ಕರೆದ. ಅವರು ಪೂಜೆ ಅರ್ಧಕ್ಕೆ ಬಿಟ್ಟು ಬಂದರು. ಕೆಳಗಿನ ಮನೆಗೆ ಹೋಗಿ ಗಂಗಮಾಳವ್ವನನ್ನು ಕರೆದ. ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಫಕೀರವ್ವನಿಗೆ ಏನಾಯಿತೋ ಅಂತ ಇಬ್ಬರಿಗೂ ಗಾಬರಿ. ಅಡಿವೆಪ್ಪ ಇಬ್ಬರನ್ನೂ ಅವ್ವನ ಎದುರಿಗೆ ನಿಲ್ಲಿಸಿದ. ನಡುವೆ ತಾನು ನಿಂತ. ಬಲಗೈಯಲ್ಲಿ ಗುರುಪಾದಯ್ಯನವರ ಕೈ ಹಿಡಿದ, ಎಡಗೈಯಲ್ಲಿ ಗಂಗಮಾಳವ್ವನ ಕೈ ಹಿಡಿದ.

"ಮ್ಯಾಲಿನವರನ್ನೂ ಹಿಡದೀನಿ, ಕೆಳಗಿನವರನ್ನೂ ಹಿಡದೀನಿ. ಅನ್‌ಹೈಡ್" ಅಂದ. "ಯವ್ವಾ, ಈಗ ಕಾಣ್ತೀನೇನ?"

ಇಲ್ಲಿ ಬೈಗುಳ ಬರಬೇಕು. ಇಂಥ ಕತೆಯಲ್ಲಿ ಪ್ರತಿ ಸಲವೂ ಬರುತ್ತೆ. ಗುರುಪಾದಯ್ಯನವರು ಬೈಯಲಿಲ್ಲ, ಮುಖ ಆ ಕಡೆ ತಿರುಗಿಸಿದರು. ಗಂಗಮಾಳವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಫಕೀರವ್ವನೂ ಬೈಯಲಿಲ್ಲ. ಮಗ ಕಾಯುತ್ತಿದ್ದಾನೆ ಅನ್ನೋದು ಅವನ ಉಸಿರಿನಲ್ಲೇ ಅವಳಿಗೆ ಕೇಳುತ್ತಿತ್ತು.

"ಕಾಣ್ತಿ ಮಗನ" ಅಂದಳು.

"ಖರೇನ ಕಾಣತೈತಾ?"

"ಖರೇನ ಕಾಣತೈತಿ."

ಮೂರು ಸಲ ಕೇಳಬೇಕು ಅಂತ ಅವಳೇ ಕಲಿಸಿದ್ದಳಲ್ಲ. "ನಿನ್ನ ಕಣ್ಣು ಕಾಣತೈತಾ ಯವ್ವಾ?"

"ಕಾಣತೈತಿ ಬಿಡೋ ನನ್ನಪ್ಪಾ. ಅವರ ಕೈ ಬಿಡು, ಕೆಲಸ ಇರತಾವ ಅವರಿಗೆ."

ಪೆದ್ದ ಯಾರು ಅಂತ ನನ್ನನ್ನು ಕೇಳಬೇಡಿ. ಆ ತಾಯಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ, ನೀವೂ ಅನ್ನುತ್ತಿದ್ದಿರಿ.

ಅಡಿವೆಪ್ಪ ಕುಣಿಯುತ್ತಾ ಕೋಣೆಗೆ ಹೋದ. ಶೀಟು ತೆರೆದ. ಕಣ್ಣು ಕಾಣತೈತಿ ಅಂದವರನ್ನ ಅಳಿಸು. ಫಕೀರವ್ವ, ವಯಸ್ಸು ಅರವತ್ತೆಂಟು, ಎಡಗಣ್ಣು. ರೈಟ್ ಕ್ಲಿಕ್ ಮಾಡಿದ, ಡಿಲೀಟ್ ಅಂದ. ಕೆಳಗಿನ ಸಾಲು ಮೇಲೆ ಬಂದು ಆ ಜಾಗದಲ್ಲಿ ಕೂತಿತು.

ಸಂಜೆ ದಿಲ್ಶಾದಕ್ಕ ಪಟ್ಟಿ ಕಳಿಸುವ ಮುಂಚೆ, ಹೋದ ಸಲ ಆದದ್ದು ಮತ್ತೆ ಆಗಬಾರದು ಅಂತ, ಎಡಗಡೆ ಅಂಚಿನ ನಂಬರನ್ನು ಬೆರಳಿಟ್ಟು ನೋಡಿದಳು. ಒಂದು, ಎರಡು, ಮೂರು, ಎಲ್ಲೂ ಜಿಗಿದಿರಲಿಲ್ಲ. ಮರೆಯಾದದ್ದು ಒಂದೂ ಇಲ್ಲ. ದೇವರು ದೊಡ್ಡವನು ಅಂದುಕೊಂಡು ಆಸ್ಪತ್ರೆಗೆ ಕಳಿಸಿದಳು.

ಬಸ್ಸು ಬಂತು. ಮುದುಕರು ಗಂಟು ಹಿಡಿದು ಬಂದು ಕೂತರು. ಫಕೀರವ್ವನೂ ಮಗನ ಕೈ ಹಿಡಿದು ಬಂದಳು. ಅವಳಿಗೇನು ಗೊತ್ತು ಪಾಪ. ಆಸ್ಪತ್ರೆಯವನು ಮೂವತ್ತೇಳು ಹೆಸರು ಕೂಗಿದ. ಒಬ್ಬೊಬ್ಬರೇ ಎದ್ದು ಬಸ್ಸು ಹತ್ತಿದರು. ಅಂಗಳದಲ್ಲಿ ಉಳಿದವಳು ಇವಳೊಬ್ಬಳೇ.

ದಿಲ್ಶಾದಕ್ಕ ಓಡಿ ಬಂದಳು. "ಇನ್ನೊಂದು ಹೆಸರು ಐತ್ರಿ, ಫಕೀರವ್ವ ಅಂತ. ಅಡಿವೆಪ್ಪ, ನಿಮ್ಮವ್ವನ ಸಾಲು ಎಲ್ಲಿ?"

"ಅಳಿಸೀನ್ರಿ ಅಕ್ಕಾರ. ಅವ್ವಗ ಕಣ್ಣು ಕಾಣತೈತ್ರಿ. ಮೂರು ಸಲ ಕೇಳೀನಿ."

ಧೋತರದ ಅಜ್ಜ ಬಸ್ಸಿನ ಮೆಟ್ಟಿಲಿನಿಂದಲೇ ಕೂಗಿದ. "ಹೆತ್ತವ್ವನ ಕಣ್ಣು ಕಿತ್ತೆಲ್ಲೋ ಹುಚ್ಚಾ. ಹೋದ ಸಲಾನ ಹೊಡೀಬೇಕಿತ್ತು ನಿನ್ನ." ಕೋಲು ಹಿಡಿದು ಕೆಳಗೆ ಇಳಿದ. ಇನ್ನೂ ನಾಲ್ಕು ಜನ ಅವನ ಹಿಂದೆ ಇಳಿದರು. ಅಡಿವೆಪ್ಪ ಏನಾಯಿತು ಅಂತ ತಿಳಿಯದೆ ಅವ್ವನ ಬೆನ್ನ ಹಿಂದೆ ಸರಿದ.

ಫಕೀರವ್ವ ಎದ್ದು ನಿಂತಳು. ದನಿ ಬಂದ ಕಡೆ ಕೈ ಅಡ್ಡ ಚಾಚಿದಳು. "ಅವಂಗ ಏನೂ ಅನಬ್ಯಾಡ್ರಿ. ಅವಂದೇನೂ ತಪ್ಪಿಲ್ಲ. ನಾನ ಅಂದೀನಿ. ನನಗ ಕಾಣತೈತಿ."

"ಸುಳ್ಳು ಹೇಳಬ್ಯಾಡ ದೊಡ್ಡವ್ವಾ" ಅಂದಳು ದಿಲ್ಶಾದಕ್ಕ. ಆಸ್ಪತ್ರೆಯವನ ಕಡೆ ತಿರುಗಿದಳು. "ಸರ್, ಇವರ ಮಾತು ಕೇಳಬ್ಯಾಡ್ರಿ, ಹತ್ತಿಸಿಕೊಳ್ರಿ."

ಆಸ್ಪತ್ರೆಯವನು ಹತ್ತಿರ ಬಂದು ಕೇಳಿದ. "ಅಜ್ಜಿ, ಸರಿಯಾಗಿ ಹೇಳಿ. ಕಾಣುತ್ತೋ ಇಲ್ಲವೋ? ಕಾಣೋದಿಲ್ಲ ಅಂದರೆ ನಾನು ಹೇಗಾದರೂ ಜಾಗ ಮಾಡ್ತೀನಿ."

ಕಾಣೋದಿಲ್ಲ ಅಂದರೆ ಮಗ ತಾಯಿಯ ಕಣ್ಣು ಕಳೆದವನು. ಕಾಣುತ್ತೆ ಅಂದರೆ ಮಗ ಸರಿಯಾಗಿ ಕೆಲಸ ಮಾಡಿದವನು. ತಾನು ಇಲ್ಲದಾಗ ಇವನು ಇದೇ ಜನರ ನಡುವೆ ಬದುಕಬೇಕು. ಬೆನ್ನ ಹಿಂದೆ ಮಗ ಅವಳ ಸೆರಗು ಹಿಡಿದು ನಿಂತಿದ್ದ.

"ಕಾಣತೈತ್ರಿ ಸಾಹೇಬ್ರ" ಅಂದಳು. "ಅದಕ್ಕ ಮಗ ಅಳಿಸ್ಯಾನ. ನೀವು ಹೊಂಡ್ರಿ, ಹೊತ್ತಾಕ್ಕೈತಿ."

ಅಜ್ಜನ ಕೋಲು ಕೆಳಗಿಳಿಯಿತು. ಎಲ್ಲರೂ ತಿರುಗಿ ಬಸ್ಸು ಹತ್ತಿದರು. ಬಸ್ಸು ಹೋಯಿತು. ಮುಂದಿನ ಬಸ್ಸು ಸಂಕ್ರಾಂತಿ ಕಳೆದ ಮೇಲೆ, ಮತ್ತು ಆ ಕಣ್ಣು ಸಂಕ್ರಾಂತಿಯ ತನಕ ಕಾಯಲಿಲ್ಲ. ನಾಳೆ ನಾನೇ ಪಟ್ಟಣಕ್ಕೆ ಕರಕೊಂಡು ಹೋಗ್ತೀನಿ ಅಂತ ದಿಲ್ಶಾದಕ್ಕ ಅಲ್ಲೇ ಅಂದಳು, ಮರುದಿನ ಕರಕೊಂಡೂ ಹೋದಳು. ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ, ಪೊರೆ ರಾತ್ರಿಯೇ ಒಡೆದಿದೆ ಅಂದಳು. ಆದರೆ ಅದು ಮರುದಿನದ ಮಾತು.

ಅವತ್ತು ಅಂಗಳದಿಂದ ಮನೆಗೆ ಹೊರಟಾಗ ಫಕೀರವ್ವ ಕೈ ಚಾಚಿದಳು. ಅಡಿವೆಪ್ಪ ಕೈ ಹಿಡಿದ. ನಾಲ್ಕು ಹೆಜ್ಜೆ ನಡೆದರು. ಆಮೇಲೆ ಅವನಿಗೆ ಏನೋ ಹೊಳೆಯಿತು. ಕಣ್ಣು ಕಾಣದವರ ಕೈ ಹಿಡಿದು ನಡೆಸು ಅಂತ ಅವ್ವನೇ ಹೇಳಿದ್ದಳು. ಅವ್ವನಿಗೆ ಈಗ ಕಾಣುತ್ತೆ. ಊರವರ ಎದುರಿಗೇ ಅಂದಳು.

"ಯವ್ವಾ, ನಿನಗ ಕಾಣತೈತೆಲ್ಲ" ಅಂತ ನಕ್ಕು ಕೈ ಬಿಟ್ಟ. ಗಂಟು ತಾನು ಹೊತ್ತುಕೊಂಡು, ಅವ್ವನಿಗೆ ಒಲೆ ಹೊತ್ತಿಸಿಡೋಣ ಅಂತ, ತಿರುಗಿ ನೋಡದೆ ಮುಂದೆ ನಡೆದುಬಿಟ್ಟ.

ಫಕೀರವ್ವ ಅವನನ್ನು ಕೂಗಲಿಲ್ಲ. ನಡುದಾರಿಯಲ್ಲಿ ಒಂದಿಷ್ಟು ಹೊತ್ತು ನಿಂತಳು. ಅವನ ಚಪ್ಪಲಿಯ ಸದ್ದು ಯಾವ ಕಡೆ ಹೋಯಿತು ಅಂತ ಕೇಳಿಸಿಕೊಂಡು, ಸಾಲೆಯ ಗೋಡೆಗೆ ಅಂಗೈ ಹಚ್ಚಿ ಹಿಂದಿಂದೇ ನಡೆದಳು.